ನಿಮ್ಮ ಬಡಾವಣೆಯಲ್ಲೇ ಜನಪದ ಹಾಡಿನ ಕ್ಲಾಸ್: ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ಕೂರಿಸಿ ಕಲಿಸುವುದು ಹೇಗೆ

ಜನಪದ ಹಾಡು ಕಲಿಯುವ ಆಸೆ ತುಂಬಾ ಜನಕ್ಕಿದೆ, ಕಲಿಸುವ ಜಾಗ ಮಾತ್ರ ಸಿಗುವುದಿಲ್ಲ. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಕೀಬೋರ್ಡ್, ಭರತನಾಟ್ಯ ಎಲ್ಲಕ್ಕೂ ಹತ್ತಿರದಲ್ಲೇ ಒಂದು ಕ್ಲಾಸ್ ಇರುತ್ತದೆ. ಸೋಬಾನೆ ಪದ, ಬೀಸುವ ಪದ, ತತ್ವಪದ, ಲಾವಣಿ ಕಲಿಯಬೇಕು ಅಂದರೆ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ನೀವೇ ಶುರು ಮಾಡಿ ಅಂತ ಹೇಳುತ್ತೇನೆ. ದೊಡ್ಡ ವಿದ್ವಾಂಸರಾಗಿರಬೇಕಿಲ್ಲ. ಹತ್ತಿಪ್ಪತ್ತು ಹಾಡು ಬಾಯಿಗೆ ಬರುವ ಒಬ್ಬರು, ಕೂರಲು ಒಂದು ಜಾಗ, ವಾರಕ್ಕೊಂದು ಸಂಜೆ, ಇಷ್ಟು ಸಿಕ್ಕರೆ ಸಾಕು.

ಶುರು ಮಾಡುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಜನಪದ ಹಾಡಿನಲ್ಲಿ ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಸೊಲ್ಲು ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಹಿಂದೆ ಹೇಳುತ್ತಿದ್ದವರೇ ಮುಂದೆ ಬಂದು ಹೇಳತೊಡಗುತ್ತಾರೆ. ನಿಮ್ಮ ಕ್ಲಾಸಿನಲ್ಲೂ ಈ ಅದಲುಬದಲು ನಡೆಯಲೇಬೇಕು. ಮೇಷ್ಟ್ರು ಒಬ್ಬರೇ ವರ್ಷವಿಡೀ ಹೇಳಿ, ಮಿಕ್ಕವರು ವರ್ಷವಿಡೀ ಹಿಂದೆ ಹೇಳುತ್ತಾ ಕೂತರೆ ಎಲ್ಲರಿಗೂ ಹತ್ತು ಹಾಡು ಬರುತ್ತದೆ, ಒಬ್ಬರಿಗೂ ಒಂದು ಹಾಡು ಎತ್ತಿಕೊಳ್ಳುವ ಧೈರ್ಯ ಬರುವುದಿಲ್ಲ. ಕೆಳಗೆ ಬರೆದಿರುವ ಬಹುಪಾಲು ಸಲಹೆಗಳು ಈ ಒಂದು ಕಾರಣಕ್ಕಾಗಿಯೇ ಇವೆ.

ಹೇಳಿಕೊಡುವವರನ್ನು ಹುಡುಕುವುದು

ಮೊದಲು ನಿಮ್ಮ ಬೀದಿಯಲ್ಲೇ ಹುಡುಕಿ. ಹಳ್ಳಿಯಿಂದ ಬಂದು ಮಗನ ಮನೆಯಲ್ಲಿರುವ ಅಜ್ಜಿ, ಭಜನೆ ಮಂಡಳಿಯಲ್ಲಿ ತಾಳ ಹಾಕುವ ಯಜಮಾನರು, ಮನೆಗೆಲಸಕ್ಕೆ ಬರುವ ಅಕ್ಕ, ಇವರಲ್ಲಿ ಯಾರಾದರೂ ಒಬ್ಬರಿಗೆ ಹಾಡು ಬಂದೇ ಬರುತ್ತದೆ. ಆದರೆ "ನಿಮಗೆ ಜನಪದ ಗೀತೆ ಬರುತ್ತಾ?" ಅಂತ ಕೇಳಬೇಡಿ. "ಅಯ್ಯೋ ನಂಗೇನೂ ಬರಲ್ಲ ಕಣವ್ವ" ಅಂತಲೇ ಉತ್ತರ ಸಿಗುತ್ತದೆ. "ಅಜ್ಜಿ, ನಿಮ್ಮ ಮದುವೇಲಿ ಅರಿಶಿನ ಹಚ್ಚುವಾಗ ಹೆಂಗಸರು ಏನು ಹೇಳ್ತಿದ್ರು?" ಅಂತ ಕೇಳಿ ನೋಡಿ. "ರಾಗಿ ಬೀಸುವಾಗ ಏನು ಹೇಳ್ಕೋತಿದ್ರಿ?" ಅಂತ ಕೇಳಿ. ಕೆಲಸ ನೆನಪಾದರೆ ಹಾಡೂ ನೆನಪಾಗುತ್ತದೆ, ಕೆಲವರಿಗೆ ಕೈ ಕೂಡ ತಾನೇ ಆಡತೊಡಗುತ್ತದೆ.

ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿ. ಹಿರಿಯ ಕಲಾವಿದರಿಗೆ ಮಾಸಾಶನ ಕೊಡುವ ಇಲಾಖೆ ಅದು, ಜಿಲ್ಲೆಯ ಕಲಾವಿದರ ಪರಿಚಯ ಅಲ್ಲಿನವರಿಗೆ ಇರುತ್ತದೆ. ಕರ್ನಾಟಕ ಜಾನಪದ ಅಕಾಡೆಮಿಯ ಪ್ರಶಸ್ತಿ ಪಟ್ಟಿಗಳನ್ನೂ ನೋಡಿ. ಅದರಲ್ಲಿ ಕಲಾವಿದರ ಹೆಸರಿನ ಜೊತೆ ಜಿಲ್ಲೆ ಮತ್ತು ಕಲೆ ಎರಡೂ ಇರುತ್ತವೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಇದೆ. ಕಲಿಯುವವರನ್ನು ಒಂದು ದಿನ ಜಾನಪದ ಲೋಕಕ್ಕೆ ಕರೆದುಕೊಂಡು ಹೋದರೆ, ಚಿತ್ರದಲ್ಲಷ್ಟೇ ನೋಡಿದ ವಾದ್ಯಗಳನ್ನು ಮಕ್ಕಳು ಕಣ್ಣಾರೆ ನೋಡಿ ಬರುತ್ತಾರೆ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಹೊರಗಿನಿಂದ ಕಲಾವಿದರನ್ನು ಕರೆಸಿದರೆ ಬಸ್ ಚಾರ್ಜು ಬೇರೆ, ಊಟ ಬೇರೆ, ಗೌರವಧನ ಬೇರೆ. ಮೂರನ್ನೂ ಒಂದರಲ್ಲಿ ಸೇರಿಸಿ ಕೈತೊಳೆದುಕೊಳ್ಳಬೇಡಿ. ಎಷ್ಟು ಕೊಡುತ್ತೀರಿ ಅಂತ ಕರೆಯುವಾಗಲೇ ಹೇಳಿ, ಅವತ್ತೇ ಕೈಗೆ ಕೊಡಿ. ಶಾಲು ಹೊದಿಸಿ ಫೋಟೋ ತೆಗೆಸಿಕೊಂಡು ಬರಿಗೈಲಿ ಕಳಿಸಿದ ಕಾರ್ಯಕ್ರಮಗಳನ್ನು ನಾನು ನೋಡಿದ್ದೇನೆ, ಆ ಕಲಾವಿದರು ಮತ್ತೆ ಆ ಕಡೆ ಬರಲಿಲ್ಲ. ಇನ್ನೊಂದು, ತಮಟೆ ಬಾರಿಸುವವರನ್ನು ತಲೆತಲಾಂತರದಿಂದ ಊರ ಹೊರಗೆ ನಿಲ್ಲಿಸಿ ಬಾರಿಸಿಕೊಂಡ ಇತಿಹಾಸ ನಮ್ಮದು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ಕಲಾವಿದರಿಗೆ ಬೇರೆ ಲೋಟ, ಬೇರೆ ಜಾಗ ತೋರಿಸುವ ಮನೆಗಳು ಇನ್ನೂ ಇವೆ. ನಿಮ್ಮ ಕ್ಲಾಸಿನಲ್ಲಿ ಎಲ್ಲರೂ ಒಂದೇ ಜಮಖಾನದ ಮೇಲೆ ಕೂರಬೇಕು, ಒಟ್ಟಿಗೆ ಊಟ ಮಾಡಬೇಕು. ಇದನ್ನು ಒಪ್ಪದವರು ಕ್ಲಾಸಿಗೆ ಬರದಿದ್ದರೂ ನಡೆಯುತ್ತದೆ.

ಜಾಗ, ಹೊತ್ತು, ಗುಂಪು

ಶಾಲೆಯ ಕೋಣೆ, ಸಮುದಾಯ ಭವನ, ಅಪಾರ್ಟ್‌ಮೆಂಟಿನ ಹಾಲ್, ಗ್ರಾಮ ಪಂಚಾಯ್ತಿ ಗ್ರಂಥಾಲಯ, ಯಾವುದಾದರೂ ಆಗುತ್ತದೆ. ಬೆಂಚು ಡೆಸ್ಕ್ ಬೇಡ. ನೆಲದ ಮೇಲೆ ಸುತ್ತ ಕೂರಬೇಕು, ಎಲ್ಲರ ಬಾಯಿ ಎಲ್ಲರಿಗೂ ಕಾಣಬೇಕು. ಟೈಲ್ಸ್ ಹಾಕಿದ ಖಾಲಿ ಹಾಲ್ ತುಂಬಾ ಗುಂಯ್‌ಗುಡುತ್ತದೆ, ಮಾತು ಕಲಸಿಹೋಗುತ್ತದೆ. ಜಮಖಾನ ಹಾಸಿ, ಕಿಟಕಿಗೆ ಒಂದೆರಡು ದಪ್ಪ ಬಟ್ಟೆ ಇಳಿಬಿಟ್ಟರೆ ಸಾಕಷ್ಟು ಸರಿಹೋಗುತ್ತದೆ. ಮರದ ನೆರಳು ಸಿಕ್ಕರೆ ಇನ್ನೂ ಒಳ್ಳೆಯದು. ದೇವಸ್ಥಾನದ ಪ್ರಾಂಗಣ ಸುಲಭವಾಗಿ ಸಿಗುತ್ತದೆ ಅಂತ ತಕ್ಷಣ ಒಪ್ಪಿಕೊಳ್ಳಬೇಡಿ, ಊರಿನ ಎಲ್ಲರೂ ಮುಜುಗರ ಇಲ್ಲದೆ ಅಲ್ಲಿಗೆ ಬರುತ್ತಾರಾ ಅಂತ ಮೊದಲು ತಿಳಿದುಕೊಳ್ಳಿ.

ಮೈಕ್ ಬೇಡವೇ ಬೇಡ. ಹದಿನೈದು ಜನಕ್ಕೆ ಮೈಕ್ ಯಾಕೆ?

ಹೊತ್ತಿನ ವಿಷಯಕ್ಕೆ ಬಂದರೆ, ಮಕ್ಕಳಿಗೆ ಒಂದು ದಿನ, ದೊಡ್ಡವರಿಗೆ ಇನ್ನೊಂದು ದಿನ ಅಂತ ಬೇರೆ ಮಾಡುವುದು ಸುಲಭ, ಆದರೆ ಅದರಿಂದ ನಷ್ಟವೇ ಜಾಸ್ತಿ. ನನಗೆ ಸರಿ ಅನ್ನಿಸಿದ ಕ್ರಮ ಹೀಗಿದೆ. ಭಾನುವಾರ ಸಂಜೆ ಮೊದಲ 40 ನಿಮಿಷ ಮಕ್ಕಳಿಗೆ, ಆಮೇಲೆ 30 ನಿಮಿಷ ಎಲ್ಲರೂ ಒಟ್ಟಿಗೆ, ಕೊನೆಯ 40 ನಿಮಿಷ ದೊಡ್ಡವರಿಗೆ. ಆ ನಡುವಿನ ಅರ್ಧ ಗಂಟೆಯೇ ಕ್ಲಾಸಿನ ಜೀವ. ಮಗು ಅಮ್ಮನ ಮುಂದೆ ಸಾಲು ಹೇಳುತ್ತದೆ, ಅಮ್ಮ ಸೊಲ್ಲು ಹಾಕುತ್ತಾಳೆ, ಅಜ್ಜ ಇಬ್ಬರ ಉಚ್ಚಾರ ಕೇಳಿ ತಲೆದೂಗುತ್ತಾರೆ. ಮನೆಗೆ ಹೋದ ಮೇಲೆ ಅಭ್ಯಾಸ ಮಾಡಿಸುವವರು ಬೇರೆ ಬೇಕಿಲ್ಲ.

ಏಳು ವರ್ಷದ ಒಳಗಿನ ಮಕ್ಕಳು ಬಂದರೆ ಮನೆಯವರೊಬ್ಬರು ಜೊತೆಗಿರಲಿ. ಒಂದು ಗುಂಪಿಗೆ ಹದಿನೈದರಿಂದ ಇಪ್ಪತ್ತು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಪ್ರತಿಯೊಬ್ಬರಿಗೂ ಮುಂದೆ ಹೇಳುವ ಸರದಿ ಬರುವುದಿಲ್ಲ.

ಯಾವ ಹಾಡು ಎತ್ತಿಕೊಳ್ಳುವುದು

ನಿಮ್ಮ ಸೀಮೆಯ ಹಾಡಿನಿಂದ ಶುರು ಮಾಡಿ. ಚಾಮರಾಜನಗರ, ಮೈಸೂರು ಕಡೆ ಮಾದಪ್ಪನ ಪದ, ಮಂಟೇಸ್ವಾಮಿ ಪದ, ಸೋಬಾನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಬೀಸುಕಲ್ಲಿನ ಪದ, ಹಂತಿ ಪದ, ಗೀಗೀ ಪದ, ಚೌಡಿಕೆ ಪದ, ಮೊಹರಂ ಪದ. ಮಲೆನಾಡಿನಲ್ಲಿ ದೀಪಾವಳಿಯ ಅಂಟಿಗೆ ಪಂಟಿಗೆ. ಉತ್ತರ ಕನ್ನಡದಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಹಾಡು, ಗುಮಟೆ (ಚರ್ಮ ಕಟ್ಟಿದ ಮಣ್ಣಿನ ವಾದ್ಯ) ಬಾರಿಸಿ ಹೇಳುವ ಪದ. ತುಳುನಾಡಿನಲ್ಲಿ ಪಾಡ್ದನ, ಕೊಡಗಿನಲ್ಲಿ ದುಡಿ ಹಿಡಿದು ಹೇಳುವ ಬಾಳೋಪಾಟ್. ಬೆಂಗಳೂರಿನಂಥ ಊರಲ್ಲಿ ಎಲ್ಲ ಕಡೆಯವರೂ ಸೇರಿರುತ್ತಾರೆ, ಅಲ್ಲಿ ಪ್ರತಿ ಮನೆಯಿಂದ ಒಂದು ಹಾಡು ತರಲು ಹೇಳಿ.

ಕಾಲಕ್ಕೆ ತಕ್ಕಂತೆ ಹಾಡು ಆರಿಸಿದರೆ ಕಲಿಕೆಗೆ ಒಂದು ಲಯ ಬರುತ್ತದೆ. ಮುಂಗಾರು ತಡವಾದಾಗ ಗುರ್ಜಿ (ಮಳೆ ಬೇಡಲು ತಲೆ ಮೇಲೆ ಹೊರುವ ಬೊಂಬೆ) ಹೊತ್ತು ಹೇಳುವ ಮಳೆ ಹಾಡು, ನಾಗರ ಪಂಚಮಿಗೆ ಜೋಕಾಲಿ ಹಾಡು, ಗಣೇಶ ಚೌತಿ ಆದಮೇಲೆ ಜೋಕುಮಾರನ ಹಾಡು, ದೀಪಾವಳಿಗೆ ದೀಪದ ಹಾಡು, ಒಕ್ಕಣೆ ಹೊತ್ತಿಗೆ ಹಂತಿ ಪದ. ಪಂಚಮಿಯ ಹಾಡನ್ನು ಮಾರ್ಚ್ ತಿಂಗಳಲ್ಲಿ ಸುಮ್ನೆ ಬಾಯಿಪಾಠ ಮಾಡಿಸುವುದಕ್ಕೂ, ಪಂಚಮಿಯ ಹಿಂದಿನ ಭಾನುವಾರ ಜೋಕಾಲಿ ಕಟ್ಟಿ ಕಲಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೆಯದು ಮಕ್ಕಳಿಗೆ ಮರೆಯುವುದೇ ಇಲ್ಲ.

ರೇಡಿಯೋ, ಸಿನಿಮಾ, ವೇದಿಕೆಗಳಲ್ಲಿ ಕೇಳುವ "ಜಾನಪದ ಗೀತೆ"ಗಳಲ್ಲಿ ಎಷ್ಟೋ ಹಾಡುಗಳನ್ನು ಕವಿಗಳು ಜನಪದ ಧಾಟಿಯಲ್ಲಿ ಬರೆದಿದ್ದಾರೆ. ಅವೂ ಚೆನ್ನಾಗಿವೆ, ಕಲಿಸಿ, ತಪ್ಪಿಲ್ಲ. ಆದರೆ ಬರೆದವರ ಹೆಸರು ಹೇಳಿ ಕಲಿಸಿ. ಕಾರ್ಯಕ್ರಮ ಮಾಡುವಾಗ, ವಿಡಿಯೋ ಹಾಕುವಾಗ ಇದು ಮುಖ್ಯವಾಗುತ್ತದೆ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಅವರ ಕೃತಿಯ ಹಕ್ಕು ವಾರಸುದಾರರಿಗೆ ಇರುತ್ತದೆ.

ಇನ್ನು ಕೆಲವು ಹಾಡುಗಳ ವಿಷಯದಲ್ಲಿ ಹುಷಾರಾಗಿರಬೇಕು. ಮಾದಪ್ಪನ ಪದ ಹೇಳುವ ದೇವರಗುಡ್ಡರು, ಮಂಟೇಸ್ವಾಮಿ ಪದ ಹೇಳುವ ನೀಲಗಾರರು ದೀಕ್ಷೆ ಪಡೆದು ಹಾಡುವವರು. ದೇವರಗುಡ್ಡರ ಕೈಯ ಕಂಚಿನ ತಾಳ, ಕಂಸಾಳೆ, ಅವರಿಗೆ ಬರೀ ವಾದ್ಯ ಅಲ್ಲ, ಹರಕೆಯೂ ಹೌದು. ಯಾವ ಭಾಗವನ್ನು ಕ್ಲಾಸಿನಲ್ಲಿ ಕಲಿಸಬಹುದು, ಯಾವುದನ್ನು ಬಿಡಬೇಕು ಅಂತ ಆ ಹಾಡುಗಾರರನ್ನೇ ಕೇಳಿ, ಅವರು ಹೇಳಿದ್ದನ್ನು ಪಾಲಿಸಿ. ಅತ್ತೆಮನೆ ಕಷ್ಟದ ಪದಗಳು, ಬೀಗರನ್ನು ಹಂಗಿಸುವ ಪದಗಳು, ಹೋಳಿ ಹಾಡುಗಳನ್ನು ದೊಡ್ಡವರ ಗುಂಪಿಗೆ ಇಟ್ಟುಕೊಳ್ಳಿ. ಅವುಗಳನ್ನು ಪೂರ್ತಿ ಕೈಬಿಡಬೇಡಿ. ಸಂಕಟವನ್ನು ಬೇರೆಲ್ಲೂ ಹೇಳಿಕೊಳ್ಳಲಾಗದ ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹೇಳಿಕೊಂಡ ಮಾತುಗಳು ಅವು. ಯಾವುದಾದರೂ ಜಾತಿಯನ್ನು ಹೀಗಳೆಯುವ ಸಾಲು ಬಂದರೆ ಅದನ್ನು ಹಾಡಬೇಡಿ, ಆದರೆ ಆ ಸಾಲು ಇದೆ ಅನ್ನುವುದನ್ನು ದೊಡ್ಡವರ ಹತ್ತಿರ ಬಚ್ಚಿಡಲೂ ಬೇಡಿ.

ಒಂದು ತ್ರಿಪದಿಯನ್ನು ಕಲಿಸುವ ಬಗೆ

ಮೊದಲ ತಿಂಗಳು ತ್ರಿಪದಿಯಿಂದ ಶುರು ಮಾಡಿದರೆ ಒಳ್ಳೆಯದು. ಮೂರೇ ಸಾಲು, ಚಿಕ್ಕ ರಾಗ, ಒಂದು ಧಾಟಿ ಬಂದರೆ ನೂರಾರು ಪದ ಹೇಳಬಹುದು. ಕನ್ನಡದಲ್ಲಿ ಇದು ಬಹಳ ಹಳೆಯದು, ಸುಮಾರು 700ನೇ ಇಸವಿಯ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿಗಳಿವೆ. ಮಕ್ಕಳಿಗೆ ಈ ವಿಷಯ ಹೇಳಿ, ಅವರಿಗೆ ಹೆಮ್ಮೆ ಅನ್ನಿಸುತ್ತದೆ.

ಅಭ್ಯಾಸಕ್ಕೆ ಅಂತ ನಾನೇ ಕಟ್ಟಿದ ಒಂದು ಪದ ತಗೊಳ್ಳೋಣ:

ಸಂಜೀಯ ಹೊತ್ತೀಗೆ ಅಂಗಳದಿ ಕುಂತೇವ
ಅಂಜೀಕಿ ಬಿಟ್ಟು ಪದ ಹೇಳ – ತಂಗೆವ್ವ
ಮುಂಜಾನೆ ತನಕ ದನಿಗೂಡು

ಬೋರ್ಡ್ ಮೇಲೆ ಬರೆಯಬೇಡಿ. ಮೊದಲು ಪೂರ್ತಿ ಪದವನ್ನು ನೀವೇ ಎರಡು ಸಲ ಹೇಳಿ, ಅವರು ಸುಮ್ಮನೆ ಕೇಳಲಿ. ಮೂರನೇ ಸಲ ಮೊದಲ ಸಾಲು ಮಾತ್ರ ಹೇಳಿ ನಿಲ್ಲಿಸಿ, ಅವರು ಹೇಳಲಿ. ಉಸಿರು ಎಲ್ಲಿ ತಗೊಳ್ಳಬೇಕು ಅಂತ ಬಾಯಲ್ಲಿ ವಿವರಿಸುವುದು ಬೇಡ, ನೀವು ಎದ್ದು ಕಾಣುವ ಹಾಗೆ ಉಸಿರು ತಗೊಂಡರೆ ಅವರೂ ಅಲ್ಲೇ ತಗೊಳ್ಳುತ್ತಾರೆ.

ಎರಡನೇ ಸಾಲಿನಲ್ಲಿ ಒಂದು ವಿಶೇಷ ಇದೆ. ತ್ರಿಪದಿಯನ್ನು ಓದುವಾಗ ಮೂರು ಸಾಲು, ಹೇಳುವಾಗ ನಾಲ್ಕಾಗುತ್ತದೆ. "ಅಂಜೀಕಿ ಬಿಟ್ಟು ಪದ ಹೇಳ ತಂಗೆವ್ವ" ಅಂತ ಮುಗಿಸಿದ ಮೇಲೆ ನೇರವಾಗಿ ಮೂರನೇ ಸಾಲಿಗೆ ಹೋಗುವುದಿಲ್ಲ. "ಪದ ಹೇಳ ತಂಗೆವ್ವ" ಅನ್ನುವ ತುಂಡನ್ನು ಇನ್ನೊಂದು ಸಲ ಹೇಳಿ, ಅಲ್ಲಿಂದ "ಮುಂಜಾನೆ ತನಕ ದನಿಗೂಡು" ಅಂತ ಇಳಿಯಬೇಕು. ಆ ತುಂಡು ಮರಳಿ ಬರುವಾಗ ಮುಂದಿನ ಸಾಲು ನೆನಪು ಮಾಡಿಕೊಳ್ಳಲು ಹೇಳುವವರಿಗೆ ಒಂದಿಷ್ಟು ಸಮಯ ಸಿಗುತ್ತದೆ, ಕೇಳುವವರಿಗೆ ಮುಂದೇನು ಅನ್ನುವ ಕುತೂಹಲವೂ ಹುಟ್ಟುತ್ತದೆ. ಕ್ಲಾಸಿನಲ್ಲಿ ಈ ತುಂಡನ್ನು ಮಕ್ಕಳ ಕೈಗೆ ಕೊಡಿ. ದೊಡ್ಡವರು ಸಾಲು ಹೇಳಲಿ, ಮರಳಿ ಬರುವ ತುಂಡು ಮಕ್ಕಳದು. ಎರಡೇ ಸುತ್ತಿಗೆ ಅವರು ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ.

ಆಮೇಲೆ ಕೈ ಸೇರಿಸಿ. ಇಬ್ಬರಿಬ್ಬರು ಎದುರುಬದುರು ಕೂತು, ನಡುವೆ ಬೀಸುಕಲ್ಲಿನ ಗೂಟ ಇದೆ ಅಂದುಕೊಂಡು ಇಬ್ಬರೂ ಹಿಡಿದು ಸುತ್ತಬೇಕು. ಒಂದು ಸುತ್ತಿಗೆ ಅರ್ಧ ಸಾಲು. ಯಾರಾದರೂ ಹಾಡಿನಲ್ಲಿ ಅವಸರಪಟ್ಟು ಮುಂದೆ ಓಡಿದರೆ ಎದುರಿನವರ ಕೈಯೇ ತಡೆಯುತ್ತದೆ. ತಾಳ ತಪ್ಪುವವರಿಗೆ "ಒಂದು ಎರಡು ಮೂರು" ಅಂತ ಎಣಿಸಲು ಹೇಳಿದರೆ ಇನ್ನೂ ಗಾಬರಿಯಾಗುತ್ತಾರೆ, ಕೈಗೆ ಕೆಲಸ ಕೊಟ್ಟರೆ ತಾನಾಗಿ ಸರಿಹೋಗುತ್ತಾರೆ. ನಿಜವಾದ ಬೀಸುಕಲ್ಲು ಯಾರ ಮನೆಯಲ್ಲಾದರೂ ಇದ್ದರೆ ಒಂದು ದಿನ ತರಿಸಿ, ಒಂದು ಹಿಡಿ ರಾಗಿ ಹಾಕಿ ಬೀಸಿಸಿ. ಕಲ್ಲಿನ ಗುರಗುರ ಸದ್ದು ಶ್ರುತಿಯ ಹಾಗೆ ಕೆಳಗೆ ನಿಲ್ಲುತ್ತದೆ, ದನಿ ಅದರ ಮೇಲೆ ಕೂರುತ್ತದೆ.

ಕೊನೆಗೆ ಸರದಿ. ಸುತ್ತ ಕೂತವರಲ್ಲಿ ಒಬ್ಬೊಬ್ಬರೂ ಒಂದೊಂದು ಸಲ ಮುಂದೆ ಹೇಳಬೇಕು, ಉಳಿದವರು ಎತ್ತಿಕೊಳ್ಳಬೇಕು. ಮೊದಲ ವಾರದಿಂದಲೇ ಇದು ನಡೆಯಲಿ, "ಚೆನ್ನಾಗಿ ಬಂದಮೇಲೆ ಹೇಳುತ್ತೇನೆ" ಅನ್ನುವುದಕ್ಕೆ ಆಸ್ಪದ ಕೊಡಬೇಡಿ. ಒಂಟಿಯಾಗಿ ಹೇಳಲು ತುಂಬಾ ನಾಚಿಕೆ ಪಡುವವರಿಗೆ ಜೊತೆಗೆ ಒಬ್ಬರನ್ನು ಕೂರಿಸಿ, ಇಬ್ಬರೂ ಸೇರಿ ಮುಂದೆ ಹೇಳಲಿ. ಧಾಟಿ ಕೈಗೆ ಬಂದಮೇಲೆ ಅದೇ ಅಳತೆಯಲ್ಲಿ ತಮ್ಮದೇ ಒಂದು ಪದ ಕಟ್ಟಿಕೊಂಡು ಬರಲು ಹೇಳಿ. ಮೂರು ಸಾಲಿನಲ್ಲೂ ಎರಡನೇ ಅಕ್ಷರ ಒಂದೇ ಆಗಿದ್ದರೆ ಬಾಯಿಗೆ ಚೆನ್ನಾಗಿ ಕೂರುತ್ತದೆ, ಮೇಲಿನ ಪದದಲ್ಲಿ ಸಂಜೀಯ, ಅಂಜೀಕಿ, ಮುಂಜಾನೆ ಬಂದ ಹಾಗೆ. ಶಾಲೆ ಬಸ್ಸಿನ ಮೇಲೆ, ಪಕ್ಕದ ಮನೆ ನಾಯಿಯ ಮೇಲೆ ಮಕ್ಕಳು ಕಟ್ಟುವ ಪದಗಳು ಕೇಳಲು ತುಂಬಾ ಖುಷಿ ಕೊಡುತ್ತವೆ.

ಬರೆದುಕೊಳ್ಳುವುದು ಮತ್ತು ಫೋನ್

ದೊಡ್ಡವರು ಮೊದಲ ದಿನವೇ ನೋಟ್‌ಬುಕ್ ತೆಗೆಯುತ್ತಾರೆ. ಎರಡು ವಾರ ತಡೆಯಿರಿ. ಕಣ್ಣು ಪುಸ್ತಕಕ್ಕೆ ಅಂಟಿದರೆ ಕಿವಿ ಕೆಲಸ ಮಾಡುವುದಿಲ್ಲ. ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು ಅಕ್ಷರ ಕಲಿತವರಲ್ಲ, ಆದರೆ ಹಾಲಕ್ಕಿ ಹಾಡುಗಳ ದೊಡ್ಡ ಭಂಡಾರವೇ ಅವರ ನೆನಪಿನಲ್ಲಿತ್ತು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಕೇಳಿ ಕಲಿತರೆ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ. ಮೂರನೇ ವಾರ ಹಾಡು ಬಾಯಿಗೆ ಬಂದಮೇಲೆ ಬರೆದುಕೊಳ್ಳಲಿ, ಅದೂ ನೆನಪಿನಿಂದ. ಆಮೇಲೆ ಒಬ್ಬರದು ಇನ್ನೊಬ್ಬರ ಜೊತೆ ಹೋಲಿಸಿ ನೋಡಲಿ.

ಬರೆಯುವಾಗ ಭಾಷೆ ತಿದ್ದಬೇಡಿ. ಅಜ್ಜಿ "ಬ್ಯಾಡ" ಅಂದಿದ್ದರೆ "ಬ್ಯಾಡ" ಅಂತಲೇ ಬರೆಯಿರಿ, "ಹೋಗ್ಯಾನ" ಅಂದಿದ್ದರೆ "ಹೋಗಿದ್ದಾನೆ" ಮಾಡಬೇಡಿ. ಹಾಗೆ ಮಾಡಿದರೆ ಅಳತೆ ಕೆಡುತ್ತದೆ, ಹಾಡಿನ ಊರೂ ಅಳಿಸಿಹೋಗುತ್ತದೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಅರ್ಥವಾಗದ ಮಾತು ತುಂಬಾ ಇರುತ್ತವೆ. ಮೊರ, ಒನಕೆ, ಕಣ, ಮೇಟಿ ಅಂತ ಬಂದಾಗ ಆ ವಸ್ತುವನ್ನೋ ಚಿತ್ರವನ್ನೋ ತೋರಿಸಿ ಮುಂದೆ ಹೋಗಿ. ಪಾಠ ಮಾಡುತ್ತಾ ಕೂರಬೇಡಿ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಒಳ್ಳೆಯದೇ. ಪ್ರತಿ ಹಾಡಿಗೂ ಎರಡು ಧ್ವನಿಮುದ್ರಣ ಮಾಡಿ ಗುಂಪಿಗೆ ಕಳಿಸಿ. ಒಂದು, ಪೂರ್ತಿ ಹಾಡು, ಸಹಜ ವೇಗದಲ್ಲಿ. ಇನ್ನೊಂದು, ಸಾಲು ಹೇಳಿ ಅಷ್ಟೇ ಹೊತ್ತು ಬಿಡುವು ಕೊಟ್ಟಿರುವುದು, ಅಡುಗೆ ಮಾಡುತ್ತಲೋ ಬಸ್ಸಿನಲ್ಲೋ ಆ ಬಿಡುವಿನಲ್ಲಿ ಅವರು ಹೇಳಿಕೊಳ್ಳಬಹುದು. ಎರಡನೆಯದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಹಿರಿಯರು ಹೇಳಿದ್ದನ್ನು ರೆಕಾರ್ಡ್ ಮಾಡುವಾಗ ಮೊದಲು ಕೇಳಿ. "ಅಜ್ಜಿ, ಇದನ್ನ ಇಟ್ಕೋಬಹುದಾ? ಬೇರೆಯವರಿಗೆ ಕೇಳಿಸಬಹುದಾ? ಯೂಟ್ಯೂಬಿಗೆ ಹಾಕಬಹುದಾ?" ಮೂರೂ ಬೇರೆ ಬೇರೆ ಪ್ರಶ್ನೆ, ಮೂರಕ್ಕೂ ಬೇರೆ ಉತ್ತರ ಬರಬಹುದು. ರೆಕಾರ್ಡಿಂಗ್ ಶುರುವಿನಲ್ಲೇ ಅವರ ಹೆಸರು, ಊರು, ತಾರೀಕು, ಯಾರಿಂದ ಕಲಿತರು, ಯಾವ ಕೆಲಸ ಮಾಡುವಾಗ ಹೇಳುತ್ತಿದ್ದರು ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಊರಿನ ಹೆಂಗಸರ ಹಾಡುಗಳನ್ನು ಕೂಡಿಸಿ ಪುಸ್ತಕ ತಂದಾಗ ಅವರ ಹತ್ತಿರ ಇದ್ದದ್ದು ಕಾಗದ ಮತ್ತು ಪೆನ್ನು ಮಾತ್ರ. ಇವತ್ತು ನಮ್ಮೆಲ್ಲರ ಜೇಬಿನಲ್ಲಿ ರೆಕಾರ್ಡರ್ ಇದೆ. ಅದನ್ನು ಬಳಸದಿದ್ದರೆ ಹೇಗೆ?

ಶ್ರುತಿ ಮತ್ತು ಗಂಟಲು

ಮಕ್ಕಳು, ಹೆಂಗಸರು, ಗಂಡಸರು ಒಟ್ಟಿಗೆ ಹೇಳುವಾಗ ಶ್ರುತಿಯ ಪ್ರಶ್ನೆ ಬರುತ್ತದೆ. ಜನಪದ ಧಾಟಿಗಳು ಹೆಚ್ಚಾಗಿ ಐದಾರು ಸ್ವರದೊಳಗೇ ಸುತ್ತುವುದರಿಂದ ಇದು ಅಷ್ಟು ಕಷ್ಟವೇನಲ್ಲ. ಹಾಡಿನ ಅತಿ ಮೇಲಿನ ಜಾಗವನ್ನು ಗುಂಪಿನ ಅತಿ ಚಿಕ್ಕ ಮಗುವಿನ ಕೈಲೂ, ಅತಿ ಕೆಳಗಿನ ಜಾಗವನ್ನು ಅತಿ ಹಿರಿಯ ಅಜ್ಜಿಯ ಕೈಲೂ ಹೇಳಿಸಿ ನೋಡಿ. ಇಬ್ಬರಿಗೂ ಕಷ್ಟವಾಗದ ಜಾಗದಲ್ಲಿ ನಿಲ್ಲಿಸಿ. ಒಂದೂವರೆ ಅಥವಾ ಎರಡು ಮನೆಯ (ಮನೆ ಅಂದರೆ ಹಾರ್ಮೋನಿಯಂನ ಒಂದೊಂದು ಸ್ವರದ ಪಟ್ಟಿ) ಆಸುಪಾಸಿನಲ್ಲಿ ಶುರು ಮಾಡಿ ಆಮೇಲೆ ಹೊಂದಿಸಿಕೊಳ್ಳಬಹುದು. ಗಂಡಸರು ಒಂದು ಸ್ಥಾಯಿ ಕೆಳಗೆ ಹೇಳುತ್ತಾರೆ, ಹೇಳಲಿ. ಹದಿಮೂರು ಹದಿನಾಲ್ಕರ ಹುಡುಗರಿಗೆ ದನಿ ಒಡೆಯುವ ಕಾಲ, ಅವರನ್ನು ಒಂಟಿಯಾಗಿ ಎತ್ತರದಲ್ಲಿ ಹೇಳಿಸಬೇಡಿ. ಆ ವರ್ಷ ಅವರ ಕೈಗೆ ತಾಳ, ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ಚರ್ಮವಾದ್ಯ) ಕೊಡಿ, ಇಲ್ಲದಿದ್ದರೆ ನಾಚಿಕೊಂಡು ಕ್ಲಾಸನ್ನೇ ಬಿಟ್ಟುಬಿಡುತ್ತಾರೆ.

ಜನಪದ ಅಂದರೆ ಕಿರುಚುವುದು ಅಂತ ಎಷ್ಟೋ ಮಕ್ಕಳು ಅಂದುಕೊಂಡಿರುತ್ತಾರೆ, ವೇದಿಕೆಗಳಲ್ಲಿ ಕೇಳಿದ್ದು ಹಾಗೇ ಅಲ್ವಾ. ತೆರೆದ ಗಂಟಲು ಬೇಕು, ಕತ್ತಿನ ನರ ಉಬ್ಬಬಾರದು. ದೂರದ ಹೊಲದಲ್ಲಿರುವವರನ್ನು "ಓಯ್" ಅಂತ ಕರೆಯುವ ಹಾಗೆ ನಾಲ್ಕಾರು ಸಲ ಕೂಗಿಸಿ, ಆ ದನಿಯಲ್ಲೇ ಹಾಡಿನ ಮೊದಲ ಸಾಲಿಗೆ ಬನ್ನಿ.

ಹಾರ್ಮೋನಿಯಂ ಬಗ್ಗೆ ನನಗೆ ಒಂದು ಹಟ ಇದೆ. ಕಲಿಸುವಾಗ ಅದು ಬೇಡ. ಅಜ್ಜಿ ಹೇಳುವಾಗ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುತ್ತದೆ. ಹಾರ್ಮೋನಿಯಂ ಜೊತೆಗಿದ್ದರೆ ಕಲಿಯುವವರು ಆ ಜಾರುವಿಕೆ ಬಿಟ್ಟು ಮನೆಗಳಿಗೆ ಅಂಟಿಕೊಳ್ಳುತ್ತಾರೆ. ಶ್ರುತಿಗೆ ಏಕತಾರಿ ಸಾಕು. ಲಾವಣಿ, ಗೀಗೀಗೆ ತುಂತುಣಿ ಇದೆ. ಹಾಡು ಗಟ್ಟಿಯಾದ ಮೇಲೆ ಕಾರ್ಯಕ್ರಮಕ್ಕೆ ಹಾರ್ಮೋನಿಯಂ ಸೇರಿಸಿಕೊಳ್ಳುವುದಾದರೆ ನಿಮ್ಮ ಇಷ್ಟ.

ವಾದ್ಯ

ಮೊದಲ ಮೂರು ತಿಂಗಳಿಗೆ ಎರಡು ಜೊತೆ ತಾಳ, ಒಂದು ದಮ್ಮಡಿ ಅಥವಾ ಕಂಜರ, ಒಂದು ಏಕತಾರಿ, ನಾಲ್ಕು ಚಿಟಿಕೆ, ಕೋಲಾಟಕ್ಕೆ ಕೋಲು. ಇಷ್ಟು ಸಾಕು. ಡೊಳ್ಳು ನೋಡಲು ಆಕರ್ಷಕ, ಆದರೆ ಭಾರ ಜಾಸ್ತಿ, ಮುಚ್ಚಿದ ಕೋಣೆಯಲ್ಲಿ ಬಾರಿಸಿದರೆ ಮಕ್ಕಳ ಕಿವಿಗೆ ಒಳ್ಳೆಯದಲ್ಲ. ಡೊಳ್ಳು, ತಮಟೆ ಎರಡನ್ನೂ ಬಯಲಿನಲ್ಲೇ ಕಲಿಸಿ. ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು, ಚರ್ಮ ಬಿಗಿಯಾಗಿ ದನಿ ಏರುತ್ತದೆ. ಮಳೆಗಾಲದಲ್ಲಿ ಮತ್ತೆ ಮತ್ತೆ ಕಾಯಿಸಬೇಕಾಗುತ್ತದೆ. ಈ ಕೆಲಸವನ್ನು ಅನುಭವ ಇರುವವರೇ ಮಾಡಲಿ, ಮಕ್ಕಳು ದೂರ ನಿಂತು ನೋಡಲಿ.

ಗುಮಟೆ ಕೊಳ್ಳುವವರು ಯಾವ ಚರ್ಮ ಅಂತ ಕೇಳಿಯೇ ಕೊಳ್ಳಿ. ಹಿಂದೆ ಅದಕ್ಕೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉಡವನ್ನು ಹಿಡಿಯುವುದೂ ಅದರ ಚರ್ಮ ಮಾರುವುದೂ ಅಪರಾಧ. ಮೇಕೆ ಚರ್ಮದ್ದು ತಗೊಳ್ಳಿ.

ದುಡ್ಡಿನ ಲೆಕ್ಕ

ಪೂರ್ತಿ ಉಚಿತ ಮಾಡಿದರೆ ಎರಡು ತಿಂಗಳಿಗೆ ಅರ್ಧ ಜನ ಬರುವುದು ನಿಲ್ಲಿಸುತ್ತಾರೆ, ಜಾಸ್ತಿ ಇಟ್ಟರೆ ಬರಬೇಕಾದವರೇ ಬರುವುದಿಲ್ಲ. ತಿಂಗಳಿಗೆ 300 ರೂಪಾಯಿ ಇಟ್ಟು, ಇಪ್ಪತ್ತು ಜನರಲ್ಲಿ ಐದು ಜನಕ್ಕೆ ಬಿಟ್ಟರೂ 4,500 ಸೇರುತ್ತದೆ. ಯಾರಿಗೆ ಬಿಟ್ಟಿದ್ದೀರಿ ಅನ್ನುವುದು ನಿಮಗೆ ಮಾತ್ರ ಗೊತ್ತಿರಲಿ. ಹಾಡು ಹೇಳಿಕೊಡಲು ಬರುವ ಅಜ್ಜಿ ನೆರೆಯವರೇ ಆಗಿದ್ದರೂ ಅವರಿಗೆ ಗೌರವಧನ ಕೊಡಿ. "ನಮ್ಮೋರೇ ಅಲ್ವಾ" ಅಂತ ಸುಮ್ಮನಾಗಬೇಡಿ. ಜೀವಮಾನದಲ್ಲಿ ಮೊದಲ ಸಲ ಹಾಡಿಗಾಗಿ ಕೈಯಲ್ಲಿ ದುಡ್ಡು ಹಿಡಿದವರ ಮುಖದಲ್ಲಿ ಬರುವ ಕಳೆ ಕಂಡವರಿಗೆ ಇದರ ಬೆಲೆ ಗೊತ್ತು. ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದು ಎಲ್ಲರೂ ನೋಡುವ ಹಾಗೆ ಇಡಿ.

ಜನ ಕಡಿಮೆಯಾದಾಗ, ಮತ್ತು ಕಾರ್ಯಕ್ರಮ

ಪರೀಕ್ಷೆ ಬಂದಾಗ ಮಕ್ಕಳು ಬರುವುದಿಲ್ಲ, ಮದುವೆ ಕಾಲದಲ್ಲಿ ದೊಡ್ಡವರು ಬರುವುದಿಲ್ಲ. ಆರು ಜನ ಬಂದರೂ ಕ್ಲಾಸ್ ನಿಲ್ಲಿಸಬೇಡಿ. ಆರೇ ಜನ ಇದ್ದಾಗ ಪ್ರತಿಯೊಬ್ಬರಿಗೂ ನಾಲ್ಕಾರು ಸಲ ಮುಂದೆ ಹೇಳುವ ಅವಕಾಶ ಸಿಗುತ್ತದೆ, ಆ ವಾರಗಳಲ್ಲೇ ಕೆಲವರು ತಟ್ಟನೆ ಅರಳುತ್ತಾರೆ.

ಸ್ಪರ್ಧೆಗಳಿಗೆ ಕಳಿಸಬೇಕಾ ಅಂತ ಪೋಷಕರು ಕೇಳುತ್ತಾರೆ. ಮೊದಲ ವರ್ಷ ಬೇಡ ಅನ್ನುತ್ತೇನೆ. ಸ್ಪರ್ಧೆ ಅಂದ ತಕ್ಷಣ ಒಂದೇ ಹಾಡು, ಒಂದೇ ಥರದ ಬಟ್ಟೆ, ಹಿಂದೆ ಟ್ರ್ಯಾಕು ಅಂತ ಶುರುವಾಗಿ ಉಳಿದ ಹಾಡುಗಳೆಲ್ಲ ಮೂಲೆ ಸೇರುತ್ತವೆ. ಬದಲಿಗೆ ನಿಜವಾಗಿ ಹಾಡು ಬೇಕಾಗುವ ಕಡೆ ಹೋಗಿ. ಗುಂಪಿನಲ್ಲಿ ಯಾರದೋ ಮನೆಯಲ್ಲಿ ಮದುವೆ ಇದ್ದರೆ ಅರಿಶಿನ ಶಾಸ್ತ್ರಕ್ಕೆ ಸೋಬಾನೆ ಹೇಳಿ ಬನ್ನಿ. ತೊಟ್ಟಿಲಿಗೆ ಹಾಕುವ ದಿನ ಜೋಗುಳ ಹೇಳಿ. ದೀಪಾವಳಿಯಲ್ಲಿ ನಾಲ್ಕು ಮನೆಗೆ ಹಾಡುತ್ತಾ ಹೋಗಿ. ಡಿಜೆ ಹಾಕುವವರೂ ಹತ್ತು ನಿಮಿಷ ಅದನ್ನು ಆರಿಸಿ ಕೇಳುತ್ತಾರೆ.

ವರ್ಷಕ್ಕೊಮ್ಮೆ ಒಂದು ರಾತ್ರಿ ಎಲ್ಲರೂ ಸೇರಿ ಪದ ಹೇಳುವ ಕೂಟ ಇಡಿ. ವೇದಿಕೆ ಬೇಡ, ನಡುವೆ ಒಂದು ದೀಪ, ಸುತ್ತ ಜನ. ಧ್ವನಿವರ್ಧಕ ಹಾಕಲೇಬೇಕು ಅಂತ ಯಾರಾದರೂ ಹಟ ಹಿಡಿದರೆ ಪೊಲೀಸರ ಅನುಮತಿ ತಗೊಳ್ಳಿ, ರಾತ್ರಿ 10 ಗಂಟೆಗೆ ಅದನ್ನು ನಿಲ್ಲಿಸಬೇಕು. ಬರೀ ಬಾಯಿಯಲ್ಲಿ ಹೇಳಿದರೆ ಅಷ್ಟೆಲ್ಲ ತಲೆಬಿಸಿ ಇಲ್ಲ, ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿ, ಅವರನ್ನೂ ಕರೆದರೆ ಆಯಿತು. ಆ ಕೂಟದಲ್ಲಿ ಹೇಳಿಕೊಟ್ಟವರು ಹಿಂದೆ ಕೂತು ಸೊಲ್ಲು ಹಾಕಲಿ, ಕಲಿತವರು ಮುಂದೆ ಹೇಳಲಿ. ಎರಡನೇ ವರ್ಷದ ಹೊಸ ಗುಂಪಿಗೆ ಮೊದಲ ಹಾಡು ಹೇಳಿಕೊಡುವುದು ಯಾರು ಅಂತ ಅವತ್ತೇ ತೀರ್ಮಾನಿಸಿ. ಸಾಧ್ಯವಾದರೆ ಒಬ್ಬ ಮಗು ಮತ್ತು ಒಬ್ಬ ದೊಡ್ಡವರು, ಇಬ್ಬರಿಗೆ ಸೇರಿ ಆ ಜವಾಬ್ದಾರಿ ಕೊಡಿ, ಜೊತೆಗೆ ಹಾಡು ಬರೆದಿಟ್ಟ ನೋಟ್‌ಬುಕ್ಕನ್ನೂ ರೆಕಾರ್ಡಿಂಗ್ ಇರುವ ಪೆನ್‌ಡ್ರೈವನ್ನೂ ಅವರ ಕೈಗೇ ಒಪ್ಪಿಸಿ.